ಹೊಸಬ ಎಷ್ಟನೆಯವನು?

ಕೇಳುಗರಿಗೆಲ್ಲ ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಬೈಕ್ ಗ್ಯಾರೇಜು ಇದೆ. ಬೈಕ್ ಸವಾರರಿಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದರು. ನನ್ನ ಹತ್ತಿರ ನಾಲ್ಕು ಮಾತಿಲ್ಲ, ಒಂದೇ ಇರುವುದು. ಗುಂಪಿನಲ್ಲಿ ಬೈಕ್ ಸವಾರಿ ಹೊರಟಾಗ ಹೊಸಬನನ್ನು ಎರಡನೆಯವನಾಗಿ ಇಡಿ. ಎಲ್ಲರಿಗಿಂತ ಮುಂದೆ ಬೇಡ, ಕೊನೆಯಲ್ಲಂತೂ ಬೇಡವೇ ಬೇಡ. ಎರಡನೆಯವನು.

ಹೊಸಬ ಅಂದರೆ ಲೈಸೆನ್ಸ್ ನಿನ್ನೆ ಸಿಕ್ಕಿದವನು ಮಾತ್ರ ಅಂತ ತಿಳಿಯಬೇಡಿ. ಹತ್ತು ವರ್ಷ ಸ್ಕೂಟರಿನಲ್ಲಿ ಮಣಿಪಾಲಕ್ಕೆ ಡ್ಯೂಟಿಗೆ ಹೋಗಿ ಬಂದು, ಈಗ 350 ಸಿಸಿ ಬೈಕು ತೆಗೆದುಕೊಂಡವನೂ ಘಾಟಿಗೆ ಹೊಸಬನೇ. ಹುಡುಗಿಯರಿಗೂ ಇದೇ ಮಾತು. ಈಗ ನನ್ನ ಗ್ಯಾರೇಜಿಗೆ ದೊಡ್ಡ ಬೈಕು ತರುವವರಲ್ಲಿ ಹುಡುಗಿಯರೂ ಇದ್ದಾರೆ, ಮತ್ತು ಚೈನಿಗೆ ಎಣ್ಣೆ ಹಾಕುವುದು ಅವರೇ ಜಾಸ್ತಿ. ಅದಿರಲಿ.

ಏಳೆಂಟು ವರ್ಷದ ಹಿಂದಿನ ಸಂಗತಿ. ಸೆಪ್ಟೆಂಬರ್ ಕೊನೆ, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಆದಿತ್ಯವಾರ ಆರು ಬೈಕು ಆಗುಂಬೆಗೆ ಹೊರಟೆವು. ಮುಂದೆ ನಾನು. ನಮ್ಮ ಅಕ್ಕನ ಮಗನೂ ಬಂದಿದ್ದ. ಅವನು ಬೈಕು ತೆಗೆದುಕೊಂಡು ಮೂರು ವಾರ ಆಗಿತ್ತು. ಹೊರಡುವಾಗ ನಾನೇ ಅವನಿಗೆ ಹೇಳಿದೆ, "ನೀನು ಗಡಿಬಿಡಿ ಮಾಡಬೇಡ, ಆರಾಮದಲ್ಲಿ ಹಿಂದಿನಿಂದ ಬಾ." ಪ್ರೀತಿಯಿಂದಲೇ ಹೇಳಿದ್ದು. ಎಲ್ಲರೂ ಹೊಸಬರಿಗೆ ಇದನ್ನೇ ಹೇಳುತ್ತಾರೆ, ಅಲ್ವಾ?

ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟಿ ಹೆಬ್ರಿಯಲ್ಲಿ ಬನ್ಸು, ಚಹಾ ಆಯಿತು. ಅಲ್ಲಿಯವರೆಗೆ ಆರು ಜನವೂ ಒಟ್ಟಿಗೇ ಇದ್ದೆವು. ಸೋಮೇಶ್ವರ ದಾಟಿದ ಮೇಲೆ ಘಾಟಿ ಸುರು. ಆಗುಂಬೆ ಘಾಟಿಯಲ್ಲಿ ಹೇರ್‌ಪಿನ್ ತಿರುವು 14. ನನಗೆ ಅವೆಲ್ಲ ಮನೆಯ ಮೆಟ್ಟಿಲಿದ್ದ ಹಾಗೆ. ನಾನು ಹತ್ತಿದೆ, ನನ್ನ ಹಿಂದೆ ನಾಲ್ಕು ಜನ ಹತ್ತಿದರು. ಮೇಲೆ ಪೇಟೆಯಲ್ಲಿ ನಿಲ್ಲಿಸಿ ಹೆಲ್ಮೆಟ್ ತೆಗೆದೆವು. ಐದು ಹೆಲ್ಮೆಟ್.

"ಬರ್ತಾನೆ, ನಿಧಾನ ಬರ್ಲಿ" ಅಂತ ಮತ್ತೊಂದು ಚಹಾ ಹೇಳಿದೆವು. ಹತ್ತು ನಿಮಿಷ ಆಯಿತು. ಫೋನ್ ಮಾಡಿದರೆ ಸಿಗುವುದಿಲ್ಲ, ಘಾಟಿಯಲ್ಲಿ ನೆಟ್‌ವರ್ಕ್ ಎಲ್ಲಿ? ಇಪ್ಪತ್ತು ನಿಮಿಷ ಆಗುವಾಗ ಕೆಳಗಿನಿಂದ ಒಂದು ಮಿನಿ ಬಸ್ಸು ಬಂತು. ಡ್ರೈವರು ನಮ್ಮ ಬೈಕುಗಳನ್ನು ನೋಡಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು, "ಮಾರಾಯ್ರೆ, ಕೆಳಗೆ ತಿರುವಿನಲ್ಲಿ ಒಬ್ಬ ಹುಡುಗ ಕೂತಿದ್ದಾನೆ, ನಿಮ್ಮವನಾ?"

ಆ ಚಹಾಕ್ಕೆ ದುಡ್ಡು ಕೊಟ್ಟೆನಾ ಇಲ್ಲವಾ, ಇವತ್ತಿಗೂ ನೆನಪಿಲ್ಲ.

ಹುಡುಗ ರಸ್ತೆ ಬದಿಯ ಕಟ್ಟೆ ಮೇಲೆ ಕೂತಿದ್ದ. ತಲೆಯಲ್ಲಿ ಹೆಲ್ಮೆಟ್ ಹಾಗೇ ಇತ್ತು. ಬೈಕು ಚರಂಡಿಯಲ್ಲಿ. ಎಡಗೈ ಮಣಿಕಟ್ಟು ಆಗಲೇ ಊದಿತ್ತು. ನನ್ನನ್ನು ನೋಡಿದ್ದೇ ಹೇಳಿದ, "ಸಾರಿ ಮಾವ, ನನ್ನಿಂದ ನಿಮಗೆಲ್ಲ ತಡ ಆಯ್ತು."

ತಡ ಆಯ್ತಂತೆ! ಬೈದಿದ್ದರೂ ನನಗೆ ಅಷ್ಟು ಆಗುತ್ತಿರಲಿಲ್ಲ.

ಆದದ್ದು ಇಷ್ಟು. ಪ್ರತಿ ತಿರುವಿನಲ್ಲೂ ಅವನಿಗೆ ಕಂಡದ್ದು ಮುಂದಿನ ಬೈಕಿನ ಕೆಂಪು ದೀಪ ಮಾತ್ರ. ಕಂಡಿತು ಅನ್ನುವಾಗ ಅದು ಮಾಯ. ಮೇಲೆ ಎಲ್ಲರೂ ಕಾಯುತ್ತಾರೆ, ತಮಾಷೆ ಮಾಡುತ್ತಾರೆ ಅಂತ ಅವನು ಎಕ್ಸಲೇಟರ್ ಕೊಟ್ಟ. ಒಂದು ತಿರುವಿನಲ್ಲಿ ಬೈಕು ಅಗಲಕ್ಕೆ ಹೋಗಿ ರಸ್ತೆಯ ಬಲಬದಿಗೆ ಬಂತು. ಎದುರಿನಿಂದ ಜೀಪು. ಇವನು ಜೀಪನ್ನೇ ನೋಡಿದ. ಬೈಕಿನಲ್ಲಿ ಕಣ್ಣು ಎಲ್ಲಿಗೋ ಬೈಕೂ ಅಲ್ಲಿಗೇ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಂಡಿದ. ಕೆಳಗೆ ಒದ್ದೆ ಎಲೆ. ಮತ್ತೆ ಕೇಳಬೇಕಾ? ಜೀಪಿನವರು ನಿಲ್ಲಿಸಿದರು, ನಮ್ಮ ಪುಣ್ಯ. ಆರು ವಾರ ಪ್ಲಾಸ್ಟರು. ಅಕ್ಕ ದೀಪಾವಳಿಯವರೆಗೆ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಊರವರೆಲ್ಲ "ಈಗಿನ ಹುಡುಗರಿಗೆ ಸ್ಪೀಡ್ ಜಾಸ್ತಿ" ಅಂದರು. ಸುಳ್ಳು. ಆ ಹುಡುಗ ಹೈವೇಯಲ್ಲೇ 50 ದಾಟದವನು. ಅವನನ್ನು ಓಡಿಸಿದ್ದು ನಾನು, ಮುಂದೆ ಕೂತುಕೊಂಡು.

ಹೇಗೆ ಅಂತ ಹೇಳುತ್ತೇನೆ. ಚಿಕ್ಕವರಿದ್ದಾಗ ಕೈ ಕೈ ಹಿಡಿದು ಉದ್ದಕ್ಕೆ ನಿಂತು ಓಡಿ ತಿರುಗುತ್ತಿದ್ದೆವಲ್ಲ, ಆಗ ಹಾರಿ ಬೀಳುತ್ತಿದ್ದವನು ಯಾರು? ತುದಿಯವನು. ಇಲ್ಲಿಯೂ ಹಾಗೇ. ಮುಂದಾಳು ತಿರುವಿನಲ್ಲಿ 20ಕ್ಕೆ ಇಳಿಸುತ್ತಾನೆ, ತಿರುವು ಮುಗಿದ ಕೂಡಲೇ 40ಕ್ಕೆ ಏರಿಸುತ್ತಾನೆ. ಆಗ ಕೊನೆಯವನು ಇನ್ನೂ ತಿರುವಿಗೇ ಬಂದಿರುವುದಿಲ್ಲ. ಇವನು 20ರಲ್ಲಿ ತಿರುಗಿ ಮುಗಿಸುವಷ್ಟರಲ್ಲಿ ಮುಂದಿನವರು ಎಷ್ಟೋ ದೂರ. ಅವರನ್ನು ಹಿಡಿಯಬೇಕಾದರೆ ಇವನು 60ರಲ್ಲಿ ಹೋಗಬೇಕು. ಅಷ್ಟರಲ್ಲಿ ಮುಂದಿನ ತಿರುವು. ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸಬೇಕಾದವನು ಕೊನೆಯವನು. ನಾವು ಆ ಜಾಗಕ್ಕೆ ಯಾರನ್ನು ಹಾಕುತ್ತೇವೆ? ಏನೂ ಗೊತ್ತಿಲ್ಲದವನನ್ನು!

ಅವನನ್ನು ಎರಡನೆಯವನಾಗಿ ಇಡಿ. ಮುಂದಾಳಿಗೆ ಕನ್ನಡಿಯಲ್ಲಿ ಸದಾ ಅವನೇ ಕಾಣುತ್ತಾನೆ. ಅವನು ದೂರ ಆದರೆ ಮುಂದಾಳು ನಿಧಾನ ಮಾಡುತ್ತಾನೆ, ಹಿಂದಿನವರೆಲ್ಲ ತಾನಾಗಿ ನಿಧಾನ ಆಗುತ್ತಾರೆ. ಮುಂದಾಳು ಎಲ್ಲಿ ಬ್ರೇಕ್ ಹಿಡಿದ, ತಿರುವಿಗೆ ಯಾವ ಬದಿಯಿಂದ ಹೊಕ್ಕ, ಹೊಸಬ ಅದನ್ನೆಲ್ಲ ನೋಡಿ ಕಲಿಯುತ್ತಾನೆ. ಕೊನೆಗೆ ಯಾರು? ಎಲ್ಲರಿಗಿಂತ ಪಳಗಿದವನು. ಅವನ ಹತ್ತಿರ ಪಂಕ್ಚರ್ ಕಿಟ್ಟು, ಮದ್ದಿನ ಡಬ್ಬಿ ಇರಲಿ.

"ಹಾಗಾದರೆ ನಾವೆಲ್ಲ ಹೊಸಬನ ಸ್ಪೀಡಿನಲ್ಲೇ ಹೋಗಬೇಕಾ?" ಅಂತ ಗ್ಯಾರೇಜಿನಲ್ಲಿ ಕೇಳುತ್ತಾರೆ. ಹೌದು, ಹೋಗಬೇಕು. ಅದಾಗದಿದ್ದರೆ ಅವನನ್ನು ಕರೆಯಬೇಡಿ. ಒಬ್ಬರೇ ಹೋಗಿ, ಯಾರು ಬೇಡ ಅಂದರು?

ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಿರುವ ಅಮ್ಮಂದಿರಿಗೆ ಒಂದು ಮಾತು. ಮಕ್ಕಳು ಹೊರಡುವಾಗ "ಹೆಲ್ಮೆಟ್ ತಗೊಂಡ್ಯಾ" ಅಂತ ಕೇಳುತ್ತೀರಿ. ಒಳ್ಳೆಯದು. ಇನ್ನೊಂದು ಕೇಳಿ, "ನೀನು ಎಷ್ಟನೆಯವನು?" ಹೊಸಬ "ಕೊನೆಯವನು" ಅಂದರೆ ಬೈಕಿನ ಕೀಲಿ ತೆಗೆದಿಡಿ.

ಕಾಗದದಲ್ಲಿ ಇನ್ನೂ ಬೇಕಾದಷ್ಟು ಬರೆದುಕೊಂಡಿದ್ದೆ. ಅಳಿಯನ ಕತೆಯೇ ಅರ್ಧ ತಿಂದಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಹೈವೇಯಲ್ಲಿ ಜೊತೆ ಜೊತೆಯಾಗಿ ಮಾತಾಡಿಕೊಂಡು ಹೋಗಬೇಡಿ. ಮುಂದಾಳು ಲೇನಿನ ಬಲಕ್ಕೆ, ಎರಡನೆಯವನು ಎಡಕ್ಕೆ, ಮೂರನೆಯವನು ಪುನಃ ಬಲಕ್ಕೆ. ನಿಮ್ಮ ನೇರ ಮುಂದಿರುವವನಿಗೂ ನಿಮಗೂ ಎರಡು ಸೆಕೆಂಡು ಅಂತರ ಬೇಕು. ಅವನು ದಾಟಿದ ಕಂಬವನ್ನು ನೋಡಿ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಕಂಬಕ್ಕೆ ಬಂದರೆ ಹತ್ತಿರ ಆಯಿತು. ಮಳೆಯಲ್ಲಿ ನಾಲ್ಕರವರೆಗೆ ಎಣಿಸಿ. ಗಂಟೆಗೆ 60ರಲ್ಲಿ ಹೋದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೀರಿ, ಒಂದು ಬಸ್ಸಿನ ಉದ್ದಕ್ಕಿಂತ ಜಾಸ್ತಿ. ಘಾಟಿಯಲ್ಲಿ ಎಡ ಬಲ ಏನೂ ಬೇಡ, ಒಬ್ಬರ ಹಿಂದೆ ಒಬ್ಬರು.

ಪ್ರತಿಯೊಬ್ಬನೂ ತನ್ನ ಹಿಂದಿನವನನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು. ಕಾಣದಿದ್ದರೆ ನಿಧಾನ ಮಾಡಿ, ಆಮೇಲೂ ಕಾಣದಿದ್ದರೆ ಬದಿಗೆ ನಿಲ್ಲಿಸಿ. ಅವತ್ತು ನಾವು ಐದು ಜನರಲ್ಲಿ ಒಬ್ಬನೂ ನೋಡಲಿಲ್ಲ.

ಓವರ್‌ಟೇಕ್ ಒಬ್ಬೊಬ್ಬರಾಗಿ ಮಾಡಿ. ಮುಂದಿನವನು ಬಸ್ಸು ದಾಟಿದ ಅಂತ ಅವನ ಬೆನ್ನಿಗೇ ನುಗ್ಗಬೇಡಿ. ಅವನಿಗೆ ಸಿಕ್ಕಿದ ಜಾಗ ನಿಮಗೆ ಸಿಗುವುದಿಲ್ಲ. ನಮ್ಮ ಉಡುಪಿ–ಮಂಗಳೂರು ರಸ್ತೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಜಾಣರಿದ್ದಾರೆ. ಅವರ ಬ್ರೇಕ್ ಲೈನರ್ ಬದಲಿಸಿ ನನಗೆ ವ್ಯಾಪಾರ ಆಗುತ್ತದೆ, ಆದರೂ ಬೇಡ. ಹತ್ತಿದ ಗೇರಿನಲ್ಲೇ ಇಳಿಯಿರಿ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ.

ಹೊರಡುವ ಮೊದಲು ಎಲ್ಲರೂ ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಟಯರಿನ ಗಾಳಿ ನೋಡಿ. ತಪ್ಪಿಹೋದರೆ ಎಲ್ಲಿ ಸೇರುವುದು ಅಂತ ಅಲ್ಲೇ ಮಾತಾಡಿಕೊಳ್ಳಿ, ಘಾಟಿಯಲ್ಲಿ ಫೋನ್ ನಂಬಬೇಡಿ. ಮತ್ತೆ ಅಲ್ಲೇ, ಬಂಕಿನಲ್ಲೇ, ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ. ಎರಡನೆಯ ಬೈಕು ಹೊಸಬನದ್ದಾ ನೋಡಿಕೊಂಡು ಸ್ಟಾರ್ಟ್ ಮಾಡಿ. ನಮಸ್ಕಾರ.