ಅಜ್ಜನ ಮಾತನ್ನು ಈಗಲೇ ರೆಕಾರ್ಡ್ ಮಾಡಿಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಬೈ, ಪುಣೆಯ ಕನ್ನಡದ ಮನೆಗಳಿಗೆ ಇವತ್ತು ನನ್ನದು ಒಂದೇ ಮಾತು. ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಅಜ್ಜ ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ, ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಿಕೊಳ್ಳಿ.

ಲೆಕ್ಕ ಸರಳ. ಯುದ್ಧ ಮುಗಿದದ್ದು 1945ರಲ್ಲಿ. ಆಗ 18ರ ಹುಡುಗನಾಗಿದ್ದವರಿಗೂ ಈಗ ನೂರು ಹತ್ತಿರ. ಭಾರತದ ಸೇನೆಯಲ್ಲಿ ಅಂದು ಸುಮಾರು 25 ಲಕ್ಷ ಜನ ಇದ್ದರು. 87 ಸಾವಿರ ಮಂದಿ ಜೀವ ಕಳೆದುಕೊಂಡರು. ಪುಣೆಯ ಖಡ್ಕಿಗೆ ಹೋಗಿ ನೋಡಿ, ಯುದ್ಧ ಸ್ಮಶಾನದಲ್ಲಿ 1,600ಕ್ಕೂ ಜಾಸ್ತಿ ಸಮಾಧಿಗಳಿವೆ. ಮಡಿದವರ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬದುಕಿ ಬಂದವರದ್ದು?

ಅದೇ ಖಡ್ಕಿಯಲ್ಲಿ ಒಬ್ಬರು ಅಜ್ಜ ಇದ್ದರು. ಖಾನಾಪುರದ ಕಡೆಯವರು. ಮರಾಠಾ ಪಲ್ಟನ್ ಸೇರಿ ಇಟಲಿಗೆ ಹೋಗಿದ್ದರು. "ಅವರಿಗೇನೂ ನೆನಪಿಲ್ಲ ಸರ್, ಸುಮ್ನೆ ಬಂದಿರಿ" ಅಂದರು ಮಗ. ಟ್ರಂಕಿನಿಂದ ಪದಕದ ಪೊಟ್ಟಣ ತೆಗೆಸಿದೆ. ಆರು ಮೂಲೆಯ ನಕ್ಷತ್ರ. ಕೆಂಪು, ಬಿಳಿ, ಹಸಿರು ಪಟ್ಟೆಯ ರಿಬ್ಬನ್, ಅಂಚೆಲ್ಲ ನೂಲುನೂಲು. ಅಜ್ಜನ ಅಂಗೈ ಮೇಲಿಟ್ಟೆ. ಹೆಬ್ಬೆರಳಿನಿಂದ ಸವರಿದರು. ಆಮೇಲೆ ಶುರುವಾಯಿತು ನೋಡಿ! "ಏನ್ ಥಂಡಿ ಅಂತೀ ತಮ್ಮಾ! ಮಣಕಾಲ ಮಟಾ ಕೆಸರು. ರಾತ್ರಿ ಹೇಸರಗತ್ತಿ ಮ್ಯಾಲ ರೇಶನ್ ಹೇರ್ಕೊಂಡು ಗುಡ್ಡಾ ಹತ್ತಬೇಕು. ದೀಪಾ ಹಚ್ಚಂಗಿಲ್ಲ. ಅದರ ಬಾಲಾ ಹಿಡಕೊಂಡು ನಡೀತಿದ್ವಿ." ತಮ್ಮ ಹೇಸರಗತ್ತೆಗೆ ಇಟ್ಟ ಹೆಸರು ಹೇಳಿದರು. ಅದು ಜಾರಿ ಕಂದಕಕ್ಕೆ ಬಿದ್ದ ರಾತ್ರಿಯನ್ನೂ ಹೇಳಿದರು. ಆಗ ದನಿ ನಡುಗಿತು.

ಮಗ ಬಾಗಿಲಲ್ಲೇ ನಿಂತಿದ್ದರು. "ನಮಗೆ ಇದನ್ನ ಹೇಳೇ ಇಲ್ಲ" ಅಂದರು. ನೀವು ಕೇಳಿದ್ದಿರಾ ಅಂದೆ. ಸ್ವಲ್ಪ ಖಾರವಾಗಿಯೇ ಅಂದೆ. ಕೇಳದೆ ಯಾರು ಹೇಳುತ್ತಾರೆ, ಅಲ್ವಾ?

ಅದೇ ಇಟಲಿಯಲ್ಲಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಗೆದ್ದ ಯಶವಂತ ಘಾಡ್ಗೆ, ನಾಮದೇವ ಜಾಧವ್ ಅವರ ಸಾಹಸ ಸರ್ಕಾರಿ ದಾಖಲೆಯಲ್ಲಿ ಸೇರಿದೆ. ಹೇಸರಗತ್ತೆಯ ಬಾಲ ಹಿಡಿದು ನಡೆದವರದ್ದು ಅವರ ಬಾಯಲ್ಲಿ ಮಾತ್ರ ಇದೆ.

ಸಮಯ ಮುಗಿಯುತ್ತಾ ಬಂತು. ಮುಂಬೈಯವರಿಗೆ ಒಂದು ಮಾತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸಿಡಿದದ್ದನ್ನು ಕಣ್ಣಾರೆ ಕಂಡ ಮಕ್ಕಳಿಗೂ ಈಗ ತೊಂಬತ್ತರ ಆಸುಪಾಸು. ಅವರನ್ನೂ ಕೇಳಿ.

"ಎಷ್ಟು ಜನರನ್ನ ಕೊಂದ್ರಿ" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಏನು ಉಂಡಿರಿ, ಮನೆಗೆ ಕಾಗದ ಯಾರು ಬರೆದುಕೊಡುತ್ತಿದ್ದರು ಅಂತ ಕೇಳಿ. ಫ್ಯಾನ್, ಟಿವಿ ಆರಿಸಿ, ಮೊಬೈಲನ್ನು ಅವರ ಹತ್ತಿರ ಇಡಿ. ಮೊದಲು ಹೆಸರು, ಊರು, ಪಲ್ಟನ್ ಅವರ ಬಾಯಿಂದಲೇ ಹೇಳಿಸಿ. ಭಾನುವಾರ ಬರಲಿ ಅಂತ ಕಾಯಬೇಡಿ, ಇವತ್ತೇ ಮಾಡಿ. ನಮಸ್ಕಾರ.