ಆ ವಿಡಿಯೊದಲ್ಲಿ ನಾನಿರಲಿಲ್ಲ

ಪರದೆಯ ಮೇಲೆ ನೀವು ನೋಡುತ್ತಿರುವ ದೀಪಗಳು ಲೈಪ್‌ಜಿಗ್ ನಗರದ ಕ್ರಿಸ್‌ಮಸ್ ಸಂತೆಯವು. ಜರ್ಮನಿಗೆ ಓದಲು ಬಂದ ವರ್ಷ, 2024ರ ಡಿಸೆಂಬರ್‌ನಲ್ಲಿ ಚಿತ್ರೀಕರಿಸಿ ಇದೇ ಚಾನೆಲ್‌ನಲ್ಲಿ ಹಾಕಿದ್ದೆ. ಮರದ ಮಳಿಗೆಗಳು, ಹಬೆಯಾಡುವ ಲೋಟಗಳು, ಮಕ್ಕಳ ನಗು. ನೀವೆಲ್ಲ ತುಂಬಾ ಮೆಚ್ಚಿದಿರಿ. ಆ ದಿನ ನಾನು ಸಂತೆಯಲ್ಲಿ ಇದ್ದದ್ದು ಇಪ್ಪತ್ತೇ ನಿಮಿಷ. ಕ್ಯಾಮೆರಾ ಚೀಲಕ್ಕೆ ಹಾಕಿ, ಟ್ರಾಮ್ ಹತ್ತಿ ಕೋಣೆಗೆ ಮರಳಿದವಳು ಕೋಟನ್ನೂ ಬಿಚ್ಚದೆ ಮಂಚದ ಅಂಚಿನಲ್ಲಿ ಕುಳಿತುಬಿಟ್ಟೆ. ಗಂಟೆ ಇನ್ನೂ ಐದಾಗಿರಲಿಲ್ಲ. ಕಿಟಕಿಯಾಚೆ ಆಗಲೇ ರಾತ್ರಿ.

ಹೊರದೇಶಕ್ಕೆ ಓದಲು ಹೊರಟಿರುವ ಹಲವರು ನನಗೆ ಬರೆಯುತ್ತೀರಿ. ಪ್ರವೇಶ, ವೀಸಾ, ಖರ್ಚಿನ ಬಗ್ಗೆ ಕೇಳುತ್ತೀರಿ. ಆ ವಿಡಿಯೊದಲ್ಲಿ ಏನಿರಲಿಲ್ಲವೋ ಅದನ್ನು ಹೇಳದೆ ಇನ್ನು ಯಾರಿಗೂ ಸಲಹೆ ಕೊಡಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಮೊದಲ ತಿಂಗಳು ಬೇಸರಪಡಲು ಪುರುಸೊತ್ತೇ ಇರಲಿಲ್ಲ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆರೋಗ್ಯ ವಿಮೆ ಮಾಡಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು. ವೀಸಾಕ್ಕಾಗಿ ಮೊದಲೇ ಒಂದು ಖಾತೆಯಲ್ಲಿ ಹಣ ಇಟ್ಟಿರಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ ವರ್ಷಕ್ಕೆ 11,904 ಯೂರೊ. ನಮ್ಮದೇ ಹಣವಾದರೂ ತಿಂಗಳಿಗೆ 992 ಯೂರೊಗಿಂತ ಹೆಚ್ಚು ತೆಗೆಯುವಂತಿಲ್ಲ. ಪ್ರತಿ ತಿಂಗಳು ಆ ಕಂತು ಬಂದು ಬಿದ್ದಾಗ ನನಗೆ ಕಾಣುತ್ತಿದ್ದದ್ದು ಹಣವಲ್ಲ, ಅದನ್ನು ಕೂಡಿಡಲು ಅಪ್ಪ ಅಮ್ಮ ದುಡಿದ ವರ್ಷಗಳು. ಮುಂದೆ ನಾನು ಹೇಳಿದ ಸುಳ್ಳಿನ ಬೇರು ಅಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ಪ್ರತಿ ಭಾನುವಾರ ಸಂಜೆ ಐದಕ್ಕೆ ಅಮ್ಮನಿಗೆ ಕರೆ ಮಾಡುತ್ತಿದ್ದೆ. ಮನೆಯಲ್ಲಿ ಆಗ ರಾತ್ರಿ ಎಂಟೂವರೆ. ಅಕ್ಟೋಬರ್ 27ರಂದು ಇಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದರು. ಯುರೋಪಿನಲ್ಲಿ ಬೇಸಿಗೆಯ ಕಾಲಮಾನ ಮುಗಿಯುವುದು ಅಕ್ಟೋಬರ್‌ನ ಕೊನೆಯ ಭಾನುವಾರ. ನಾನು ಎಂದಿನಂತೆ ಐದಕ್ಕೆ ಕರೆ ಮಾಡಿದೆ. ಅಮ್ಮ ಒಂದು ಗಂಟೆಯಿಂದ ಮೊಬೈಲ್ ಹಿಡಿದು ಕಾದಿದ್ದಳು. ‘ಏನಾಯಿತೋ ಎಂದುಕೊಂಡೆ’ ಎಂದಳು. ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಗಿತ್ತು, ಅಷ್ಟೇ. ಆದರೆ ಕುಳಿತಲ್ಲೇ ಮನೆಯಿಂದ ಇನ್ನಷ್ಟು ದೂರ ತಳ್ಳಲ್ಪಟ್ಟಂತಾಯಿತು.

ತರಗತಿಯ ವಿಷಯಕ್ಕೆ ಬರುತ್ತೇನೆ. ವೇಳಾಪಟ್ಟಿಯಲ್ಲಿ ಒಂಬತ್ತು ಎಂದಿದ್ದು ಪಕ್ಕದಲ್ಲಿ ‘ಸಿ.ಟಿ.’ ಎಂಬ ಎರಡು ಅಕ್ಷರಗಳಿದ್ದರೆ ಪಾಠ ಶುರುವಾಗುವುದು ಒಂಬತ್ತೂ ಕಾಲಿಗೆ. ಇದು ಲ್ಯಾಟಿನ್‌ನಿಂದ ಬಂದ ಹಳೆಯ ರೂಢಿ. ಪಾಠ ಮುಗಿದಾಗ ಇಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣುಗಳಿಂದ ಮೇಜು ಬಡಿಯುತ್ತಾರೆ. ಅದು ಅಧ್ಯಾಪಕರಿಗೆ ಸಲ್ಲಿಸುವ ಧನ್ಯವಾದ. ಮೊದಲ ಸಲ ಆ ಸದ್ದು ಇಡೀ ಸಭಾಂಗಣವನ್ನು ತುಂಬಿದಾಗ ಮೈ ಜುಮ್ಮೆಂದಿತು. ನಾನೂ ಬಡಿದೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ವಾರಗಟ್ಟಲೆ ಬಡಿದೆ, ಅರ್ಧ ಪಾಠ ತಲೆಗೆ ಹತ್ತದಿದ್ದರೂ ಬಡಿದೆ. ಕೈಯೆತ್ತಿ ‘ಇದು ಅರ್ಥವಾಗಲಿಲ್ಲ’ ಎನ್ನಲು ಒಂದು ಸಲವೂ ಬಾಯಿ ಬರಲಿಲ್ಲ. ಭಾನುವಾರ ಅಮ್ಮ ‘ಓದು ಹೇಗಿದೆ?’ ಎಂದಾಗಲೂ ಅದನ್ನೇ ಮಾಡುತ್ತಿದ್ದೆ. ‘ಚೆನ್ನಾಗಿದೆಯಮ್ಮ.’

ಫೆಬ್ರುವರಿಯಲ್ಲಿ ಪರೀಕ್ಷೆ ಬರೆದೆ. ಮಾರ್ಚ್‌ನ ಮೊದಲ ವಾರ ಫಲಿತಾಂಶ ಬಂತು. ಜರ್ಮನಿಯಲ್ಲಿ 1.0 ಅತ್ಯುತ್ತಮ ಅಂಕ, 4.0 ಬಂದರೆ ಉತ್ತೀರ್ಣ, 5.0 ಎಂದರೆ ಅನುತ್ತೀರ್ಣ. ನನಗೆ ಬಂದದ್ದು 5.0. ಶಾಲೆಯಿಂದಲೂ ನಪಾಸು ಎಂಬ ಪದವನ್ನು ಬೇರೆಯವರ ಹೆಸರಿನ ಮುಂದೆ ಮಾತ್ರ ನೋಡಿದವಳು ನಾನು. ಹೆಚ್ಚಿನ ಕೋರ್ಸ್‌ಗಳಲ್ಲಿ ಒಂದು ಪರೀಕ್ಷೆಗೆ ಮೂರು ಅವಕಾಶಗಳಿರುತ್ತವೆ. ಮೂರನೆಯದೂ ಕೈತಪ್ಪಿದರೆ ಅದೇ ಪದವಿಯನ್ನು ಈ ದೇಶದ ಬೇರೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದೂ ಬಹಳ ಕಷ್ಟ. ರಾತ್ರಿ ನಿದ್ದೆಯಿಲ್ಲದೆ ಈ ನಿಯಮಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಮೂರು ಭಾನುವಾರ ಮುಚ್ಚಿಟ್ಟೆ. ಒಂದು ವಿಷಯ ಮುಚ್ಚಿಡಲು ಹೋದರೆ ಅದರ ಸುತ್ತಲಿನದೆಲ್ಲವನ್ನೂ ಮುಚ್ಚಿಡಬೇಕಾಗುತ್ತದೆ. ಪರೀಕ್ಷೆಯ ಮಾತು ಬಾರದಿರಲಿ ಎಂದು ಕಾಲೇಜಿನ ಮಾತು ಬಿಟ್ಟೆ, ಆಮೇಲೆ ಗೆಳತಿಯರ ಮಾತು ಬಿಟ್ಟೆ. ಕೊನೆಗೆ ಹವಾಮಾನವೊಂದೇ ಉಳಿಯಿತು. ಕರೆ ಮುಗಿದ ಮೇಲೆ ಮಾತನಾಡಿದ್ದಕ್ಕೇ ಹೆಚ್ಚು ಒಂಟಿಯಾಗುತ್ತಿದ್ದೆ. ದಿನವೂ ಊಟ ಮಾಡುತ್ತಿದ್ದ ಕ್ಯಾಂಟೀನನ್ನು ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಯೇ ಮಾನಸಿಕ ಸಮಾಲೋಚನೆಯನ್ನೂ ನಡೆಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ದಯವಿಟ್ಟು ನೀವು ಬಂದ ವಾರವೇ ಆ ಕೋಣೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಗ್ರಂಥಾಲಯದಷ್ಟೇ ಅಗತ್ಯವಾದ ಜಾಗ ಅದು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಹಕ್ಕಿದೆ. ತಿದ್ದಿದ ಉತ್ತರ ಪತ್ರಿಕೆಯನ್ನು ಗೊತ್ತುಮಾಡಿದ ದಿನ ಹೋಗಿ ನೋಡಬಹುದು. ಅದಕ್ಕೆ ‘ಐನ್‌ಜಿಷ್ಟ್’ ಎನ್ನುತ್ತಾರೆ. ಒಳಗೆ ನೋಡುವುದು ಎಂಬ ಅರ್ಥವೂ ಉಂಟು, ಅರಿವು ಎಂಬ ಅರ್ಥವೂ ಉಂಟು. ನಮ್ಮ ‘ಒಳನೋಟ’ ಎಂಬ ಪದದಂತೆಯೇ. ಹೋಗಲೋ ಬೇಡವೋ ಎಂದು ಎರಡು ದಿನ ತಳಮಳಿಸಿ ಹೋದೆ. ಲೆಕ್ಕಗಳು ಬಹುಪಾಲು ಸರಿಯಿದ್ದವು. ಆದರೆ ಪುಟ ಪುಟದ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪದವಿತ್ತು: ‘ಬೆಗ್ರುಂಡುಂಗ್?’ ಸಮರ್ಥನೆ ಎಲ್ಲಿ? ಈ ವಿಧಾನವನ್ನೇ ಏಕೆ ಆರಿಸಿಕೊಂಡಿರಿ, ಈ ದತ್ತಾಂಶಕ್ಕೆ ಅದು ಹೊಂದುತ್ತದೆಯೇ, ಯಾವ ಊಹೆಗಳ ಮೇಲೆ ನಿಂತಿದೆ ಎಂದು ಪ್ರಶ್ನೆ ಕೇಳಿತ್ತು. ನಾನು ಸೂತ್ರ ಬರೆದು ಉತ್ತರಕ್ಕೆ ಗೆರೆ ಎಳೆದಿದ್ದೆ. ಅಲ್ಲಿದ್ದ ಸಹಾಯಕ ಅಧ್ಯಾಪಕಿ ನನ್ನೊಡನೆ ಅರ್ಧ ಗಂಟೆ ಕುಳಿತರು. ‘ತರಗತಿಯಲ್ಲಿ ನೀವು ಒಮ್ಮೆಯೂ ಏಕೆ ಕೇಳಲಿಲ್ಲ?’ ಎಂದರು. ಅದರಲ್ಲಿ ಆಕ್ಷೇಪವಿರಲಿಲ್ಲ, ತಿಳಿಯುವ ಆಸೆಯಿತ್ತು. ನನಗೆ ಅಳು ಬಂತು.

ಮಾರ್ಚ್ 30, ಭಾನುವಾರ. ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಸರಿದಿದ್ದವು. ಮನೆ ಒಂದು ಗಂಟೆಯಷ್ಟು ಹತ್ತಿರ ಬಂದಿತ್ತು. ಐದಕ್ಕೆ ಕರೆ ಮಾಡಿ, ನಮಸ್ಕಾರ ಕುಶಲ ಯಾವುದನ್ನೂ ಮಾತನಾಡದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಪ್ಪ ಪಕ್ಕದಿಂದ ‘ಮತ್ತೆ ಬರೆಯಬಹುದು ತಾನೇ?’ ಎಂದು ಕೇಳಿದರು. ಬರೆಯಬಹುದು ಎಂದೆ. ‘ಹಾಗಾದರೆ ಓದು’ ಎಂದು ಎದ್ದುಹೋದರು.

ಅಮ್ಮ ಹೇಳಿದ್ದು ಬೇರೆ. ‘ನಿನ್ನ ಆ ದೀಪದ ಸಂತೆಯ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ ಮಗಳೇ. ಎಲ್ಲಾದರೂ ಒಂದು ಕಡೆ ನೀನು ಕಾಣಿಸುತ್ತೀಯೇನೋ ಎಂದು ಹುಡುಕುತ್ತಿದ್ದೆ. ಎಲ್ಲಿಯೂ ಇರಲಿಲ್ಲ. ಆಗಲೇ ಗೊತ್ತಾಯಿತು ಏನೋ ಸರಿಯಿಲ್ಲವೆಂದು.’

ಜುಲೈನಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಬರೆದೆ. 2.3 ಬಂತು. ಪ್ರತಿ ಉತ್ತರದ ಕೆಳಗೂ ‘ಏಕೆಂದರೆ’ ಎಂದು ಬರೆದಿದ್ದೆ.

ಈಗ ಸಂತೆಯ ದೃಶ್ಯ ಮುಗಿಯುತ್ತಿದೆ. ಮುಂದಿನದು ನನ್ನ ಕೋಣೆ. ಕ್ಯಾಮೆರಾವನ್ನು ನನ್ನ ಕಡೆಗೆ ತಿರುಗಿಸುತ್ತೇನೆ. ಅಮ್ಮ, ಇಗೋ.