ಕಣಜ ಕಟ್ಟಿದೆ, ಸೂಡಿ ಹಚ್ಚಬೇಡಿ

ಕೇಳುಗರಿಗೆ ನಮಸ್ಕಾರ.

ಮಳೆ ಹಿಂದಾಗುತ್ತಿದ್ದ ಹಾಗೆ ಮಲೆನಾಡಿನ ತೋಟಗಳಲ್ಲಿ ಒಂದು ಕೂಗು ಶುರುವಾಗುತ್ತದೆ. "ಆ ಕಡೆ ಹೋಗ್ಬೇಡ್ರೋ, ಕಣಜ ಕಟ್ಟಿದೆ." ಬೇಸಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದಲ್ಲಿದ್ದು ಯಾರ ಕಣ್ಣಿಗೂ ಬೀಳದ ಈ ಚುಚ್ಚುವ ಹುಳದ ಗೂಡು, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೊಡಪಾನದ ಗಾತ್ರಕ್ಕೆ ಬೆಳೆದಿರುತ್ತದೆ. ಕಳೆ ಹೊಡೆಸುವುದು, ಸೊಪ್ಪು ಕಡಿಯುವುದು, ಅಡಿಕೆ ಕೊನೆ ಇಳಿಸುವುದು ಎಲ್ಲವೂ ಆಗಲೇ ಒಂದರ ಹಿಂದೊಂದು ಬರುತ್ತವೆ. ಕಣಜಕ್ಕೂ ನಮಗೂ ಜಗಳವಾಗುವುದು ಅಲ್ಲಿ.

ಗೂಡು ಕಂಡ ಕೂಡಲೇ ಬೆಂಕಿ ಹುಡುಕುವ ಮೊದಲು ಅದು ಯಾವ ಗೂಡು ಅಂತ ದೂರದಿಂದ ನೋಡಿ. ಗೋಡೆಗೆ ಮಣ್ಣು ಮೆತ್ತಿ ಗೂಡು ಮಾಡುವುದು ಒಂಟಿ ಕಣಜ. ಅದಕ್ಕೆ ಕಾಯುವುದಕ್ಕೆ ಸಂಸಾರವಿಲ್ಲ, ಗುಂಪುಗಟ್ಟಿ ಮೈಮೇಲೆ ಬೀಳುವುದೂ ಇಲ್ಲ. ಬಿಟ್ಟುಬಿಡಿ.

ಇನ್ನೊಂದು, ಮೇಲೆ ಹೊದಿಕೆಯಿಲ್ಲದ, ಕಣ್ಣುಕಣ್ಣಾಗಿ ಕಾಣುವ ಕಾಗದದ ಗೂಡು. ಸೂರಿನಡಿ, ಕಿಟಕಿಯ ಮೂಲೆ, ಗೇಟಿನ ಕೊಳವೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಹೀಗೆ ಎಲ್ಲೆಂದರಲ್ಲಿ. ಒಣಮರ, ಬೇಲಿಗೂಟ ಕೆರೆದು ಎಂಜಲು ಬೆರೆಸಿ ಈ ಕಾಗದ ಮಾಡುತ್ತವೆ. ಇವುಗಳಲ್ಲಿ ರೊಪಲಿಡಿಯ ಮಾರ್ಜಿನೇಟ ಎಂಬ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಾಸ ಮಾಡಿದರು. ಆ ಗೂಡಿನ ರಾಣಿ ಬಹಳ ಸಾಧು. ಅದು ಇಲ್ಲವಾದರೆ ಕೆಲಸದ ಹುಳಗಳಲ್ಲೇ ಒಂದು ತಕ್ಷಣ ಜೋರು ಮಾಡಿಕೊಂಡು ಆ ಜಾಗಕ್ಕೆ ಏರುತ್ತದೆ. ಹಾಗಾಗಿ ಪೊರಕೆ ಬೀಸಿ ನಾಲ್ಕು ಹುಳ ಕೊಂದೆ, ಇನ್ನು ಗೂಡು ಖಾಲಿ ಅಂದುಕೊಂಡರೆ ಅದು ಖಾಲಿಯಾಗುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ದೊಡ್ಡ ಕಣಜಕ್ಕೆ. ಕಪ್ಪು, ಕಂದು ಮೈ, ಹೊಟ್ಟೆಯ ಸುತ್ತ ಅಗಲವಾದ ಹಳದಿ ಪಟ್ಟಿ. ಒಂದು ಬಗೆ ಮರದ ಕೊಂಬೆಗೋ ಮನೆಯ ಮಾಡಿಗೋ ಪೂರ್ತಿ ಮುಚ್ಚಿದ ಉಂಡೆಗೂಡು ಕಟ್ಟುತ್ತದೆ. ಇನ್ನೊಂದು ಬಗೆ ಮರದ ಪೊಟರೆಯಲ್ಲಿ, ನೆಲದ ಬಿಲದಲ್ಲಿ ಇರುತ್ತದೆ. ನೆಲದ ಗೂಡೇ ಹೆಚ್ಚು ಮೋಸದ್ದು. ಕಳೆ ಯಂತ್ರ ಹಿಡಿದವನಿಗೆ ಅದರ ಸದ್ದಿನಲ್ಲಿ ಹುಳದ ಸದ್ದು ಕೇಳುವುದಿಲ್ಲ, ಯಂತ್ರದ ಅದುರು ಮಾತ್ರ ಗೂಡಿಗೆ ಮುಟ್ಟಿರುತ್ತದೆ. ಅಮೆರಿಕದಲ್ಲಿರುವ ನಮ್ಮವರೂ ಹುಲ್ಲು ಕತ್ತರಿಸುವಾಗ ಇದೇ ಪಾಡು ಪಡುತ್ತಾರೆ. ಅಲ್ಲಿಯ ಯೆಲ್ಲೋ ಜಾಕೆಟ್ ಎಂಬ ಹಳದಿ ಕಣಜವೂ ನೆಲದೊಳಗೆ ಗೂಡು ಮಾಡುವಂಥದ್ದೇ.

ಹಾಗಾದರೆ ಎಲ್ಲ ಗೂಡನ್ನೂ ತೆಗೆಯಬೇಕೆ? ಬೇಡ. ನಾನು ಜೇನು ಸಾಕುವವನು. ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲಿ ನಿಂತು ಒಂದೊಂದೇ ಜೇನನ್ನು ಕಚ್ಚಿಕೊಂಡು ಹೋಗುವ ದೊಡ್ಡ ಕಣಜದ ಮೇಲೆ ನನಗೆ ಪ್ರೀತಿ ಇರುವ ಕಾರಣವಿಲ್ಲ. ತುಡುವೆಯೂ ಸುಮ್ಮನಿರುವುದಿಲ್ಲ ಅನ್ನಿ. ನೂರಾರು ಜೇನು ಕಣಜದ ಸುತ್ತ ಉಂಡೆಗಟ್ಟಿ, ಮೈ ಕಾಯಿಸಿ, ಒಳಗಿನ ಶಾಖ 45 ಡಿಗ್ರಿಯ ಆಸುಪಾಸಿಗೆ ಏರಿಸಿ ಅದನ್ನು ಬೇಯಿಸಿಬಿಡುತ್ತವೆ. ಪೆಟ್ಟಿಗೆಯ ಬಾಗಿಲು ಕಿರಿದು ಮಾಡುವುದು, ಶಟಲ್ ಬ್ಯಾಟಿನಲ್ಲಿ ಹೊಡೆಯುವುದು ನಮ್ಮ ಪಾಲಿನ ಕೆಲಸ. ಇಷ್ಟಾದರೂ ಕಣಜ ತನ್ನ ಮರಿಗಳಿಗೆ ತಿನ್ನಿಸುವುದು ಹುಳಹುಪ್ಪಟೆಯನ್ನೇ. ತರಕಾರಿ ತಿನ್ನುವ ಕಂಬಳಿಹುಳ, ಕೊಟ್ಟಿಗೆಯ ನೊಣ ಅದರ ಬಾಯಿಗೆ ಹೋಗುತ್ತವೆ. ಅದು ನಮಗೆ ಸಂಬಳವಿಲ್ಲದ ಆಳು.

ಆದ್ದರಿಂದ ನೋಡಬೇಕಾದ್ದು ಗೂಡಿನ ಗಾತ್ರವನ್ನಲ್ಲ, ಅದರ ಅಡಿಯಲ್ಲಿ ಯಾರು ಓಡಾಡುತ್ತಾರೆ ಎಂಬುದನ್ನು. ಸೊಪ್ಪಿನಬೆಟ್ಟದ ಮರದ ತುದಿಯಲ್ಲಿದ್ದರೆ ಅದರ ಪಾಡಿಗೆ ಅದಿರಲಿ. ಕಾಲ ಮುಗಿದ ಮೇಲೆ ಗೂಡು ತಾನಾಗಿ ಬರಿದಾಗುತ್ತದೆ, ಹಳೇ ಉಂಡೆಗೆ ಸಾಮಾನ್ಯವಾಗಿ ಹೊಸ ಒಕ್ಕಲು ಬರುವುದಿಲ್ಲ. ಅಂಗನವಾಡಿಯ ಮಾಡಿನಲ್ಲಿ, ಬಚ್ಚಲ ಹಿಂದೆ, ಬಾವಿಕಟ್ಟೆಯ ಪಕ್ಕ ಕಟ್ಟಿದ್ದರೆ ಮಾತ್ರ ತೆಗೆಯಲೇಬೇಕು.

ತೆಗೆಯುವುದು ಹೇಗೆ? ನಮ್ಮ ಕಡೆ ಇದಕ್ಕೆ ಒಂದೇ ಉತ್ತರ, ಸೂಡಿ. ಉದ್ದ ಬಿದಿರಿಗೆ ಒಣಗರಿ ಕಟ್ಟಿ, ಬೆಂಕಿ ಹಚ್ಚಿ, ರಾತ್ರಿ ಗೂಡಿಗೆ ಹಿಡಿಯುವುದು. ಇಷ್ಟು ಕೆಟ್ಟ ಉಪಾಯ ಇನ್ನೊಂದಿಲ್ಲ. ಹೊರಗಿನ ಕಾಗದ ಭಗ್ಗೆಂದು ಉರಿದು ಗೂಡು ಕೆಳಗೆ ಬೀಳುತ್ತದೆ, ಒಳಗಿದ್ದ ಅರ್ಧ ಹುಳ ಸಾಯದೆ ಬೆಳಕಿನತ್ತ ಹಾರುತ್ತವೆ. ಬೆಳಕು ಇರುವುದು ನಿಮ್ಮ ಕೈಯಲ್ಲಿ. ಹತ್ತಿರದಲ್ಲಿ ಹುಲ್ಲಿನ ಬಣವೆಯೋ ಸೋಗೆಯ ಮಾಡೋ ಇದ್ದರೆ ಆಮೇಲಿನ ಕಥೆ ಬೇರೆ. ಬಿಲಕ್ಕೆ ಪೆಟ್ರೋಲು, ಸೀಮೆಎಣ್ಣೆ ಸುರಿಯುವುದೂ ಅಷ್ಟೇ ದಡ್ಡತನ. ಬಾವಿ ಪಕ್ಕದಲ್ಲಿದ್ದರಂತೂ ನೀರೂ ಹಾಳು.

ನಿಜಕ್ಕೂ ಸುಲಭವಾದ ದಾರಿ ಬೇಸಿಗೆಯಲ್ಲೇ ಇದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಆಗಾಗ ಮಾಡು, ಪಂಪ್‌ಶೆಡ್ಡು, ಪೇರಿಸಿಟ್ಟ ಹೆಂಚು, ಅಟ್ಟದ ಮೂಲೆ ನೋಡುತ್ತಿರಿ. ಆಗ ಗೂಡಿನಲ್ಲಿ ಒಂದು ರಾಣಿ, ಬೆರಳೆಣಿಕೆಯ ಹುಳ. ರಾಣಿ ಹೊರಗೆ ಹೋದಾಗ ಉದ್ದ ಕೋಲಿನಿಂದ ಗೂಡು ಕೆಡವಿದರೆ ಅದು ಬೇರೆ ಜಾಗ ನೋಡಿಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ಈ ಕೆಲಸ ನಿಮ್ಮದಲ್ಲ, ಪಳಗಿದವರದು. ಅವರು ಕತ್ತಲಾದ ಮೇಲೆ ಬರಲಿ, ದಪ್ಪ ಬಟ್ಟೆ ಹಾಕಲಿ. ಜೇನಿನವರ ತೆಳು ಮುಖಪರದೆ, ಅಂಗಿ ದೊಡ್ಡ ಕಣಜದ ಕೊಂಡಿಗೆ ಸಾಲದು. ಬ್ಯಾಟರಿ ಕೈಯಲ್ಲಿ ಹಿಡಿಯದೆ ದೂರದಲ್ಲಿಟ್ಟು, ಮೇಲೆ ಕೆಂಪು ಕಾಗದ ಕಟ್ಟಿದರೆ ಒಳ್ಳೆಯದು, ಕೆಂಪು ಬೆಳಕು ಇವುಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಗೋಡೆಯ ಸಂದಿನಲ್ಲಿ ಗೂಡಿದ್ದರೆ ಹೊರಗಿನ ತೂತಿಗೆ ಸಿಮೆಂಟು ಮೆತ್ತಬೇಡಿ. ದಾರಿ ಕಟ್ಟಿದರೆ ಅವು ಇನ್ನೊಂದು ಕಡೆ ಕೊರೆದುಕೊಂಡು ಮಲಗುವ ಕೋಣೆಗೆ ಬಂದಾವು.

ತೋಟದ ಯಜಮಾನರಿಗೆ ಒಂದು ಮಾತು. ಗೂಡು ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತದೆ, ಅಡಿಕೆ ಕೊನೆ ಇಳಿಸಲು ಹೊರಗಿನಿಂದ ಬಂದ ಕೊನೆಗಾರನಿಗೆ ಗೊತ್ತಿರುವುದಿಲ್ಲ. ಮರದ ತಲೆಯಲ್ಲಿ ಕೂತವನಿಗೆ ಕಣಜ ಮುತ್ತಿದರೆ ಓಡಲು ಜಾಗವಿಲ್ಲ, ಬಿದ್ದರೆ ಬದುಕು ಹೋಗುತ್ತದೆ. ಕೆಲಸಕ್ಕೆ ಮೊದಲು ಆ ಸಾಲು ತೋರಿಸಿ, ಅದಕ್ಕೊಂದು ಬಟ್ಟೆ ಕಟ್ಟಿ, ಆ ನಾಲ್ಕು ಮರ ಬಿಡಿಸಿ. ನಾಲ್ಕು ಕೊನೆ ಉದುರಿ ಹೋದರೆ ಹೋಗಲಿ.

ಕಚ್ಚಿಯೇಬಿಟ್ಟರೆ ಅಲ್ಲೇ ನಿಂತು ಕೈ ಬೀಸಬೇಡಿ. ಹುಳ ಹೊಸಕಿದರೂ ಅದರ ವಾಸನೆಗೆ ಉಳಿದವು ಬರುತ್ತವೆ. ಮುಖ ಮುಚ್ಚಿಕೊಂಡು ಓಡಿ, ಒಳಗೆ ಸೇರಿ ಬಾಗಿಲು ಹಾಕಿ. ಜೇನಿನ ಹಾಗೆ ಕಣಜದ ಕೊಂಡಿ ಮೈಯಲ್ಲಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಉಂಗುರ, ಬಳೆ ಬಿಚ್ಚಿ, ಸೋಪು ನೀರಿನಲ್ಲಿ ತೊಳೆದು ತಣ್ಣೀರು ಬಟ್ಟೆ ಇಡಿ. ಸುಣ್ಣ ಹಚ್ಚುತ್ತಾ ಕೂತು ಹೊತ್ತು ಕಳೆಯಬೇಡಿ.

ಒಂದೇ ಕಣಜ ಕಚ್ಚಿದ್ದರೂ ಸರಿ, ಮೈಯೆಲ್ಲ ದದ್ದು ಎದ್ದರೆ, ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ತಲೆ ಸುತ್ತುವವರನ್ನು ಎಬ್ಬಿಸಿ ನಡೆಸಬೇಡಿ, ಮಲಗಿಸಿ ಕಾಲು ಎತ್ತಿಡಿ. ಅವರಿಗೆ ಬೇಕಾದ್ದು ಅಡ್ರಿನಲಿನ್ ಚುಚ್ಚುಮದ್ದು, ಅದೂ ನಿಮಿಷಗಳ ಒಳಗೆ. ಹತ್ತಾರು ಕಡೆ ಕಚ್ಚಿದ್ದರೆ, ಮಕ್ಕಳು, ವಯಸ್ಸಾದವರಾದರೆ, ನೋಡಲು ಆರಾಮಿದ್ದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ವಿಷ ಹೆಚ್ಚಾದಾಗ ಸ್ನಾಯು ಕರಗಿ ಕಿಡ್ನಿಗೆ ಏಟು ಬೀಳುತ್ತದೆ, ಅದು ಗೊತ್ತಾಗುವುದು ಎಷ್ಟೋ ಸಲ ಮರುದಿನವೋ ಅದರ ಮರುದಿನವೋ. ಮೂತ್ರ ಕಡಿಮೆಯಾಯಿತೇ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತೇ ನೋಡುತ್ತಿರಿ. ಹಾಗಾದರೆ ಒಂದು ಗಳಿಗೆಯೂ ಕಾಯದೆ, ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಿ.

ನಮಸ್ಕಾರ.